ಹಾಯಿದೋಣಿಯಲ್ಲಿ ನೆಮ್ಮದಿಯ ಬದುಕು: ಒಣ ಹಾಸಿಗೆಯಿಂದ ಶುರು ಮಾಡಿ

ದೋಣಿಯಲ್ಲೇ ಮನೆ ಮಾಡಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ. ಎಷ್ಟು ಅಡಿ ಉದ್ದದ ದೋಣಿ ಬೇಕು? ನನ್ನನ್ನು ಕೇಳಿದರೆ ಉದ್ದದ ಮಾತು ಆಮೇಲೆ. ರಾತ್ರಿ ಮಲಗುವ ಜಾಗ ಒಣಗಿರುತ್ತಾ? ಅದನ್ನು ಮೊದಲು ನೋಡಿ. 30 ಅಡಿಯ ಒಣ ದೋಣಿಯಲ್ಲಿ ವರ್ಷಗಟ್ಟಲೆ ಸಂತೋಷವಾಗಿ ಇರಬಹುದು. 45 ಅಡಿಯ ಸೋರುವ ದೋಣಿಯಲ್ಲಿ ಒಂದು ವಾರ ಕಳೆಯೋದೇ ಕಷ್ಟ.

ನನ್ನ ಮೊದಲ ಮಳೆಗಾಲ ನನಗೆ ಇದನ್ನು ಕಲಿಸಿತು. ಫ್ರಿಜ್ ಇತ್ತು, ಸೋಲಾರ್ ಇತ್ತು, ಒಳ್ಳೆಯ ಸ್ಟವ್ ಇತ್ತು. ಆದರೆ ತಲೆದಿಂಬಿನ ಮೇಲೆ ಹನಿ ಹನಿಯಾಗಿ ನೀರು ಬೀಳುತ್ತಿತ್ತು. ಹತ್ತು ದಿನ ಸರಿಯಾಗಿ ನಿದ್ದೆ ಇಲ್ಲ. ಹತ್ತನೇ ದಿನ ನನಗೆ ಫ್ರಿಜ್ಜೂ ಬೇಡ, ಸಮುದ್ರವೂ ಬೇಡ ಅನ್ನಿಸಿಬಿಟ್ಟಿತ್ತು. ಅದಕ್ಕೇ ಈ ಲೇಖನದಲ್ಲಿ ಕೆಲಸಗಳನ್ನು ಒಂದು ಕ್ರಮದಲ್ಲಿ ಹೇಳಿದ್ದೇನೆ. ಮೊದಲು ಸೋರಿಕೆ, ಆಮೇಲೆ ಗಾಳಿ, ಆಮೇಲೆ ಹಾಸಿಗೆ. ಉಳಿದದ್ದೆಲ್ಲ ಅದಾದ ಮೇಲೆ.

ಮೊದಲ ಕೆಲಸ: ಸೋರುವ ಜಾಗ ಹುಡುಕಿ

ದೋಣಿಯ ಸೋರಿಕೆ ತುಂಬಾ ಮೋಸ ಮಾಡುತ್ತದೆ. ನೀರು ಡೆಕ್ (ದೋಣಿಯ ಮೇಲ್ಹಾಸು) ಮೇಲೆ ಒಂದು ಕಡೆ ಒಳಗೆ ಇಳಿಯುತ್ತದೆ, ಒಳಮಾಡಿನ ಹಿಂದೆ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗದ ಮೇಲೆ ಗಮ್ ಬಳಿದರೆ ಏನೂ ಪ್ರಯೋಜನವಿಲ್ಲ.

ಇಬ್ಬರು ಸೇರಿ ಹುಡುಕಿ. ಒಬ್ಬರು ಹೊರಗೆ ಪೈಪ್ ಹಿಡಿದು ನೀರು ಬಿಡಬೇಕು. ಇನ್ನೊಬ್ಬರು ಒಳಗೆ ಟಾರ್ಚ್ ಮತ್ತು ಟಿಶ್ಯೂ ಕಾಗದ ಹಿಡಿದು ಕೂರಬೇಕು. ನೀರು ಬಿಡೋದನ್ನು ಕೆಳಗಿನಿಂದ ಶುರು ಮಾಡಿ. ಒಂದು ಜಾಗಕ್ಕೆ ಐದು ನಿಮಿಷವಾದರೂ ಕೊಡಿ, ಆಮೇಲೆ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಹರಿದು ಯಾವ ಬೋಲ್ಟ್ ಸೋರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಒಳಗಡೆ ಸ್ವಲ್ಪ ಸೀಮೆಸುಣ್ಣದ ಪುಡಿ ಉದುರಿಸಿಟ್ಟರೆ ನೀರು ಹರಿದ ಗೆರೆ ಚೆನ್ನಾಗಿ ಕಾಣುತ್ತದೆ.

ಹೆಚ್ಚಾಗಿ ತಪ್ಪು ಇರೋದು ಡೆಕ್ ಮೇಲಿನ ಕಂಬಿ, ಹಗ್ಗ ಕಟ್ಟುವ ಕ್ಲೀಟ್, ಕಿಟಕಿ ಚೌಕಟ್ಟು ಮತ್ತು ಚೈನ್‌ಪ್ಲೇಟ್‌ಗಳಲ್ಲಿ. ಚೈನ್‌ಪ್ಲೇಟ್ ಅಂದರೆ ಮಾಸ್ಟನ್ನು (ಹಾಯಿ ಕಟ್ಟುವ ಕಂಬವನ್ನು) ಎಳೆದು ಹಿಡಿಯುವ ತಂತಿಗಳು ದೋಣಿಗೆ ಕಚ್ಚಿಕೊಳ್ಳುವ ಪಟ್ಟಿ. ಅದು ಸೋರಿದರೆ ಹಾಸಿಗೆ ಒದ್ದೆಯಾಗೋದು ಚಿಕ್ಕ ತೊಂದರೆ. ಪಟ್ಟಿ ಒಳಗೊಳಗೇ ಕೊರೆದುಹೋಗೋದು ದೊಡ್ಡ ತೊಂದರೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸೋರುವ ಬೋಲ್ಟ್ ಸಿಕ್ಕಿತು ಅಂದುಕೊಳ್ಳಿ. ಹೊರಗಿನಿಂದ ಗಮ್ ಬಳಿದು ಕೈತೊಳೆದುಕೊಳ್ಳಬೇಡಿ. ಫಿಟಿಂಗ್ ಪೂರ್ತಿ ಬಿಚ್ಚಿ. ಬಹಳಷ್ಟು ಫೈಬರ್ ದೋಣಿಗಳ ಡೆಕ್ ಒಳಗೆ ಬಾಲ್ಸಾ ಮರವೋ ಪ್ಲೈವುಡ್ಡೋ ಇರುತ್ತದೆ. ರಂಧ್ರದ ಮೂಲಕ ನೀರು ಅದಕ್ಕೆ ತಾಗಿದರೆ ಡೆಕ್ ಕೊಳೆತು ಮೆತ್ತಗಾಗುತ್ತದೆ. ಹಾಗಾಗಿ ರಂಧ್ರವನ್ನು ದೊಡ್ಡದು ಮಾಡಿ, ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ರಂಧ್ರ ಕೊರೆಯಿರಿ. ಆಗ ಬೋಲ್ಟ್ ಸುತ್ತ ಎಪಾಕ್ಸಿ ಗೋಡೆ ಇರುತ್ತದೆ, ನೀರು ಮರ ಮುಟ್ಟುವುದಿಲ್ಲ. ರಂಧ್ರದ ಮೇಲಂಚನ್ನು ಸ್ವಲ್ಪ ಇಳಿಜಾರಾಗಿ ಕೆತ್ತಿ, ಮೆತ್ತನೆಯ ಅಂಟುರಬ್ಬರಿನ ಬ್ಯೂಟೈಲ್ ಟೇಪನ್ನು ಬೋಲ್ಟಿನ ಕೊರಳಿಗೆ ಸುತ್ತಿ ಕೂರಿಸಿ. ಬಿಗಿ ಮಾಡುವಾಗ ಬೋಲ್ಟ್ ತಿರುಗಬಾರದು, ಕೆಳಗಿನ ನಟ್ ಮಾತ್ರ ತಿರುಗಬೇಕು. ಬ್ಯೂಟೈಲ್ ನಿಧಾನವಾಗಿ ಹಿಂಡಿಕೊಳ್ಳುತ್ತದೆ. ಎರಡು ದಿನ ಬಿಟ್ಟು ಮತ್ತೊಮ್ಮೆ ಬಿಗಿ ಮಾಡಿ. ನೀರಿನ ಮಟ್ಟಕ್ಕಿಂತ ಕೆಳಗೆ ಮತ್ತು ಡೀಸೆಲ್ ತಾಗುವ ಕಡೆ ಮಾತ್ರ ಬ್ಯೂಟೈಲ್ ಬಳಸಬೇಡಿ.

ಸಿಲಿಕಾನ್ ಮೇಲೆ ನನಗೆ ನಂಬಿಕೆ ಇಲ್ಲ. ಒಮ್ಮೆ ಬಳಿದರೆ ಅದರ ಜಿಡ್ಡು ಬಿಡುವುದೇ ಇಲ್ಲ. ಆಮೇಲೆ ಅಲ್ಲಿ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಗಮ್ಮೂ ಅಂಟುವುದಿಲ್ಲ.

ಗಾಳಿ ಓಡಾಡಲಿ

ಸೋರಿಕೆ ನಿಂತರೂ ಒಳಗೆ ತೇವ ಇರುತ್ತದೆ. ಎಲ್ಲಿಂದ ಬರುತ್ತದೆ? ನಮ್ಮಿಂದಲೇ. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು ಮತ್ತು ಬೆವರಿನಿಂದ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಅಡುಗೆ ಗ್ಯಾಸ್ ಇನ್ನೂ ಜಾಸ್ತಿ. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಪಾತ್ರೆಯಿಂದ ಏಳುವ ಹಬೆ ಇದರಲ್ಲಿ ಸೇರಿಲ್ಲ, ಬರೀ ಬೆಂಕಿಯಿಂದ ಬಂದದ್ದು ಇಷ್ಟು. ಚಳಿಯಲ್ಲಿ ಈ ಆವಿ ತಣ್ಣಗಿನ ಗೋಡೆಗೆ ತಾಗಿ ಹನಿಯಾಗುತ್ತದೆ. ಆ ಹನಿ ಕಪಾಟಿನ ಹಿಂದೆ, ಹಾಸಿಗೆ ಕೆಳಗೆ ಇಳಿಯುತ್ತದೆ. ಎರಡು ವಾರದಲ್ಲಿ ಬೂಷ್ಟು, ಮುಗ್ಗಲು ವಾಸನೆ. ಚಳಿಗೆ ಕಾಯಿಸಿಕೊಳ್ಳಲು ಗ್ಯಾಸ್ ಸ್ಟವ್ ಹಚ್ಚಿಟ್ಟುಕೊಂಡರೆ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ. ಒಳಗೆ ಮಳೆ ಸುರಿಸಿದ ಹಾಗೆ. ಜೊತೆಗೆ ಕಾರ್ಬನ್ ಮಾನಾಕ್ಸೈಡಿನ ಅಪಾಯ ಬೇರೆ.

ಗಾಳಿ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು ದಾರಿ ಬೇಕು. ಒಂದೇ ಕಿಟಕಿ ತೆರೆದರೆ ಗಾಳಿ ಅಲ್ಲೇ ಸುತ್ತುತ್ತದೆ. ಲಂಗರು ಹಾಕಿದ ದೋಣಿ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಇದು ನಮಗೆ ಪುಕ್ಕಟೆ ಸಿಗುವ ಅನುಕೂಲ. ಮುಂದಿನ ಹ್ಯಾಚ್ (ಡೆಕ್ಕಿನಲ್ಲಿರುವ ಮುಚ್ಚಳಬಾಗಿಲು) ಮೇಲೆ ಬಟ್ಟೆಯ ಚೀಲದಂಥ ಗಾಳಿಬುಟ್ಟಿ ಕಟ್ಟಿ, ಹಿಂದಿನ ಬಾಗಿಲು ತೆರೆದಿಡಿ. ಇಡೀ ದೋಣಿಯೊಳಗೆ ಗಾಳಿ ಹರಿಯುತ್ತದೆ.

ಮಳೆಯಲ್ಲಿ, ಅಲೆ ಏಳುವಾಗ ಹ್ಯಾಚ್ ಮುಚ್ಚಲೇಬೇಕಲ್ಲ, ಆಗ ಏನು ಮಾಡೋದು? ಅದಕ್ಕೆ ಡೊರೇಡ್ ಪೆಟ್ಟಿಗೆ ಇದೆ. ಓಲಿನ್ ಸ್ಟೀಫನ್ಸ್ ವಿನ್ಯಾಸ ಮಾಡಿದ ಡೊರೇಡ್ ಎಂಬ ಹಾಯಿದೋಣಿ 1930ರಲ್ಲಿ ನೀರಿಗಿಳಿಯಿತು, 1931ರಲ್ಲಿ ಅಟ್ಲಾಂಟಿಕ್ ದಾಟುವ ರೇಸ್ ಗೆದ್ದಿತು. ಈ ಪೆಟ್ಟಿಗೆಗೆ ಆ ದೋಣಿಯದೇ ಹೆಸರು. ಅದರ ಕೆಲಸ ಬಹಳ ಸರಳ. ಮೇಲೆ ಕಹಳೆಯ ಬಾಯಿಯಂಥ ಕೊಳವೆ, ಕೆಳಗೆ ಪೆಟ್ಟಿಗೆ. ಕ್ಯಾಬಿನ್ನಿಗೆ ಇಳಿಯುವ ಕೊಳವೆ ಕಹಳೆಯ ನೇರಕ್ಕೆ ಇರುವುದಿಲ್ಲ, ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ತುಸು ಎತ್ತರಕ್ಕೆ ನಿಂತಿರುತ್ತದೆ. ನೀರು ಒಳಗೆ ನುಗ್ಗಿದರೆ ಪೆಟ್ಟಿಗೆಯ ತಳಕ್ಕೆ ಬಿದ್ದು ಪಕ್ಕದ ಸಣ್ಣ ತೂತುಗಳಿಂದ ಡೆಕ್‌ಗೆ ಹರಿದುಹೋಗುತ್ತದೆ. ಗಾಳಿ ಮಾತ್ರ ತಿರುಗಿ ಒಳಗೆ ಇಳಿಯುತ್ತದೆ. ಸುಮಾರು ನೂರು ವರ್ಷವಾದರೂ ಇದಕ್ಕಿಂತ ಒಳ್ಳೆಯ ಉಪಾಯ ನಾನು ನೋಡಿಲ್ಲ. ನಿಮ್ಮ ದೋಣಿಯಲ್ಲಿ ಇದ್ದರೆ ಆ ತೂತುಗಳು ಕಸದಿಂದ ಕಟ್ಟಿಕೊಂಡಿಲ್ಲ ಅಂತ ಆಗಾಗ ನೋಡಿ. ತೀರಾ ದೊಡ್ಡ ಅಲೆಗಳಿದ್ದರೆ ಕಹಳೆ ತೆಗೆದು ಮುಚ್ಚಳ ಹಾಕಿ.

ಕಪಾಟಿನ ಬಾಗಿಲುಗಳಿಗೂ ತೂತು ಬೇಕು. ಮುಚ್ಚಿದ ಕಪಾಟಿನಲ್ಲಿ ಚರ್ಮದ ಚಪ್ಪಲಿ ಇಟ್ಟು ಒಂದು ತಿಂಗಳು ಬಿಟ್ಟು ನೋಡಿದರೆ ಹಸಿರು ಕೂದಲು ಬೆಳೆದಿರುತ್ತದೆ. ಮಲಗುವ ಜಾಗದಲ್ಲಿ 12 ವೋಲ್ಟಿನ ಒಂದು ಚಿಕ್ಕ ಫ್ಯಾನ್ ಹಾಕಿ. ಅದು ಎಳೆಯುವ ಕರೆಂಟ್ ಅರ್ಧ ಆಂಪ್‌ಗಿಂತ ಕಮ್ಮಿ. ಬಿಸಿಲ ನಾಡಿನಲ್ಲಿ ಡೆಕ್ ಮೇಲೆ ನೆರಳುಬಟ್ಟೆ ಕಟ್ಟೋದು ಅದಕ್ಕಿಂತ ದೊಡ್ಡ ಉಪಕಾರ. ಹ್ಯಾಚ್‌ಗಳನ್ನೂ ದಾಟುವಷ್ಟು ಅಗಲದ ಬಟ್ಟೆ ಇದ್ದರೆ ಮಳೆ ಬಂದರೂ ಹ್ಯಾಚ್ ತೆರೆದೇ ಇರಬಹುದು.

ಹಾಸಿಗೆ

ದೋಣಿಯ ಮಂಚ ಅಂದರೆ ಸಾಮಾನ್ಯವಾಗಿ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಫೋಮ್ ನೇರವಾಗಿ ಇಟ್ಟರೆ ಮೈಯ ಬೆವರು ಕೆಳಗಿಳಿದು ಹಲಗೆಯ ಮೇಲೆ ನಿಲ್ಲುತ್ತದೆ. ಹಾಸಿಗೆ ಎತ್ತಿ ನೋಡಿದರೆ ಅಡಿ ಒದ್ದೆ. ಹಾಸಿಗೆಯ ಅಡಿಗೆ ಗಾಳಿ ಆಡಬೇಕು. ಮರದ ಪಟ್ಟಿಗಳ ಜಾಲರಿಯಾದರೂ ಸರಿ, ಪ್ಲಾಸ್ಟಿಕ್ ಎಳೆಗಳ ಗಾಳಿಹಾಸು ಆದರೂ ಸರಿ. ದಿನಾ ಬೆಳಿಗ್ಗೆ ಹಾಸಿಗೆಯನ್ನು ಮಡಚಿ ಗೋಡೆಗೆ ಒರಗಿಸುವ ಅಭ್ಯಾಸವನ್ನೂ ಮಾಡಿಕೊಳ್ಳಿ.

ಉಪ್ಪುನೀರು ತಾಗಿದ ಬಟ್ಟೆ ಹಾಸಿಗೆ ಹತ್ತಿರ ಬರಲೇಬಾರದು. ಈ ಒಂದು ನಿಯಮವನ್ನು ನಾನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಉಪ್ಪು ಗಾಳಿಯಿಂದ ತೇವ ಹೀರುತ್ತದೆ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ ಬಟ್ಟೆ ಸಂಜೆ ಮತ್ತೆ ಜಿಗುಟಾಗುತ್ತದೆ. ಸಿಹಿನೀರಲ್ಲಿ ಜಾಲಿಸಿ ತೆಗೆಯುವ ತನಕ ಅದು ನಿಜವಾಗಿ ಒಣಗೋದೇ ಇಲ್ಲ. ಮೆಟ್ಟಿಲ ಹತ್ತಿರವೇ ಒಂದು ಕೊಕ್ಕೆ ಹಾಕಿ, ಒದ್ದೆ ಜಾಕೆಟ್ ಅಲ್ಲೇ ನಿಲ್ಲಲಿ.

ಇನ್ನೊಂದು ವಿಷಯ. ದೋಣಿ ಮಾರುವವರು ತೋರಿಸುವ ಅಗಲವಾದ ಮಂಚ ಲಂಗರಿನಲ್ಲಿ ಚೆಂದ. ದೋಣಿ ಓಡುವಾಗ ಮುಂಭಾಗದ ಮಂಚ ನಿಮ್ಮನ್ನು ಎತ್ತಿ ಎತ್ತಿ ಹಾಕುತ್ತದೆ. ಆಗ ನಿದ್ದೆ ಬರುವುದು ದೋಣಿಯ ನಡುಭಾಗದಲ್ಲಿ, ಕೆಳಗೆ, ಅಗಲ ಕಮ್ಮಿ ಇರುವ ಬರ್ತ್‌ನಲ್ಲಿ. ಅಂಚಿಗೆ ಲೀ ಕ್ಲಾತ್ ಅನ್ನುವ ಗಟ್ಟಿ ಬಟ್ಟೆಯನ್ನು ಕಟ್ಟಬೇಕು. ದೋಣಿ ವಾಲಿದಾಗ ಅದು ನಿಮ್ಮನ್ನು ತೊಟ್ಟಿಲ ಹಾಗೆ ಹಿಡಿದುಕೊಳ್ಳುತ್ತದೆ. ಬೀಳುತ್ತೇನೆ ಅನ್ನುವ ಭಯ ಹೋದರೆ ಮೈ ಸಡಿಲವಾಗುತ್ತದೆ. ನಿದ್ದೆ ಬರೋದು ಆಗಲೇ.

ಅಡುಗೆಮನೆ ಮತ್ತು ಗ್ಯಾಸ್

ಸ್ಟವ್ ಜೋಕಾಲಿಯ ಹಾಗೆ ತೂಗಬೇಕು. ದೋಣಿ ವಾಲಿದರೂ ಪಾತ್ರೆ ಮಟ್ಟವಾಗಿ ನಿಲ್ಲುತ್ತದೆ. ಪಾತ್ರೆ ಹಿಡಿಯುವ ಕಂಬಿಗಳು, ಸ್ಟವ್ ಮುಂದೆ ಗಟ್ಟಿಯಾದ ಒಂದು ಅಡ್ಡಕಂಬಿ, ಬೆನ್ನಿಗೆ ಒಂದು ಪಟ್ಟಿ. ಇಷ್ಟಿದ್ದರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಪ್ರೆಶರ್ ಕುಕ್ಕರ್ ಅಂತೂ ದೋಣಿಗೆಂದೇ ಹುಟ್ಟಿದ ಪಾತ್ರೆ. ಮುಚ್ಚಳ ಬಿಗಿಯಾಗಿರುತ್ತದೆ, ಚೆಲ್ಲುವುದಿಲ್ಲ, ಗ್ಯಾಸೂ ನೀರೂ ಉಳಿಯುತ್ತವೆ, ಒಳಗೆ ಹಬೆಯೂ ಕಮ್ಮಿ. ಓಡುವ ದೋಣಿಯಲ್ಲಿ ಬಿಸಿನೀರು ಸುರಿಯುವಾಗ ಲೋಟವನ್ನು ಸಿಂಕ್ ಒಳಗಿಟ್ಟು ಸುರಿಯಿರಿ, ಕೈಯಲ್ಲಿ ಹಿಡಿದುಕೊಳ್ಳಬೇಡಿ. ಸಮುದ್ರದಲ್ಲಿ ಸುಟ್ಟ ಗಾಯ ಬಹಳ ಕೆಟ್ಟದ್ದು.

ಗ್ಯಾಸ್ ವಿಷಯದಲ್ಲಿ ಸಲುಗೆ ಬೇಡವೇ ಬೇಡ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿಂದ ಹೊರಗೆ ಹೋಗಬಹುದು. ದೋಣಿಯಲ್ಲಿ ಅದು ತಳದ ಬಿಲ್ಜ್‌ಗೆ ಇಳಿದು ಬಾವಿಯ ನೀರಿನ ಹಾಗೆ ನಿಂತುಬಿಡುತ್ತದೆ. ಒಂದು ಸ್ವಿಚ್ಚಿನ ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ಇಡುವ ಪೆಟ್ಟಿಗೆ ಕ್ಯಾಬಿನ್ನಿಗೆ ತೆರೆದುಕೊಳ್ಳಬಾರದು, ಅದರ ತಳದ ಕೊಳವೆ ನೇರವಾಗಿ ದೋಣಿಯ ಹೊರಗೆ ಹೋಗಬೇಕು. ಸಿಲಿಂಡರ್ ಹತ್ತಿರ ಕರೆಂಟಿನಿಂದ ತೆರೆದು ಮುಚ್ಚುವ ಸಾಲಿನಾಯ್ಡ್ ವಾಲ್ವ್ ಇರಲಿ, ಅದರ ಸ್ವಿಚ್ ಅಡುಗೆಮನೆಯಲ್ಲಿರಲಿ. ಗ್ಯಾಸ್ ಸೂಚಕವನ್ನು ನೆಲದ ಹತ್ತಿರ ಹಾಕಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಜಾಗದ ಹತ್ತಿರ ಇರಬೇಕು.

ನೀರು

ನೀರನ್ನು ಎರಡು ಟ್ಯಾಂಕಿನಲ್ಲಿ ಇಡಿ, ಎರಡರ ನಡುವೆ ವಾಲ್ವ್ ಇರಲಿ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ದೂರದ ಪ್ರಯಾಣದಲ್ಲಿ ಇವೆರಡರ ಜೊತೆಗೆ ಕ್ಯಾನುಗಳಲ್ಲೂ ಸ್ವಲ್ಪ ಇರಬೇಕು. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಅಂತ ಲೆಕ್ಕ ಹಾಕಿ, ಅದನ್ನು ಬೇರೆ ಕೆಲಸಕ್ಕೆ ಮುಟ್ಟದೆ ಬೇರೆಯಾಗಿಡಿ. ಉಳಿದ ಬಳಕೆ ನಿಮ್ಮ ಅಭ್ಯಾಸದ ಮೇಲೆ.

ನೀರು ಉಳಿಸಲು ಕಾಲಿನಿಂದ ಒತ್ತುವ ಪಂಪ್‌ಗಿಂತ ಒಳ್ಳೆಯದು ಇಲ್ಲ. ಎಷ್ಟು ಒತ್ತಿದಿರೋ ಅಷ್ಟೇ ನೀರು, ಸುಮ್ನೆ ಹರಿದುಹೋಗುವುದಿಲ್ಲ. ಸಮುದ್ರ ಶುದ್ಧವಾಗಿರುವ ಕಡೆ ಪಾತ್ರೆಗಳನ್ನು ಮೊದಲು ಉಪ್ಪುನೀರಲ್ಲಿ ತೊಳೆದು ಕೊನೆಗೆ ಸಿಹಿನೀರಲ್ಲಿ ಜಾಲಿಸಬಹುದು. ಮಳೆನೀರು ಹಿಡಿಯುವುದಾದರೆ ಮೊದಲ ಹತ್ತು ನಿಮಿಷದ ನೀರು ಬಟ್ಟೆಯ ಉಪ್ಪು, ಧೂಳು ತೊಳೆಯಲಿ. ಆಮೇಲೆ ಬಂದದ್ದನ್ನು ಟ್ಯಾಂಕಿಗೆ ಬಿಡಿ.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಇದ್ದರೆ ಬದುಕು ಹಗುರ, ನಿಜ. ಆದರೆ ಅದನ್ನು ನೋಡಿಕೊಳ್ಳಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರನ್ನು ಅದು ಸುಮಾರು 55 ಬಾರ್ ಒತ್ತಡದಲ್ಲಿ ತೆಳ್ಳಗಿನ ಪೊರೆಯ ಮೂಲಕ ಹಿಂಡುತ್ತದೆ. ಆ ಪೊರೆಗೆ ಎಣ್ಣೆಯೂ ಕ್ಲೋರಿನ್ನೂ ಶತ್ರುಗಳು. ಎಣ್ಣೆ ತೇಲುವ ಬಂದರಿನಲ್ಲಿ ಓಡಿಸಬೇಡಿ. ತೊಳೆಯಲು ನಲ್ಲಿಯ ನೀರು ಬಳಸುವುದಾದರೆ ಇದ್ದಿಲಿನ ಫಿಲ್ಟರ್ ಹಾದು ಬರಲಿ.

ಕರೆಂಟಿನ ಲೆಕ್ಕ

ಇಲ್ಲಿ ಜನ ಮೊದಲು ಪ್ಯಾನೆಲ್ ತರುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ. ತಿರುಗಿಸಿ ಮಾಡಿ. ಒಂದು ಹಾಳೆ ತೆಗೆದುಕೊಂಡು ಯಾವ ಸಾಮಾನು ಎಷ್ಟು ಆಂಪ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ಬರೆಯಿರಿ. ಎರಡನ್ನೂ ಗುಣಿಸಿದರೆ ಆಂಪ್-ಅವರ್. ದೋಣಿಯ ಸಣ್ಣ ಫ್ರಿಜ್ ಓಡುವಾಗ 4ರಿಂದ 5 ಆಂಪ್ ಎಳೆಯುತ್ತದೆ. ಬಿಸಿಲ ನಾಡಿನಲ್ಲಿ ಅರ್ಧ ದಿನ ಓಡಿಯೇ ಓಡುತ್ತದೆ. ಅಂದರೆ ಫ್ರಿಜ್ ಒಂದಕ್ಕೇ 50 ಆಂಪ್-ಅವರ್. ಒಳ್ಳೆಯ ಬಿಸಿಲಲ್ಲಿ 100 ವಾಟಿನ ಪ್ಯಾನೆಲ್ ದಿನಕ್ಕೆ ಸುಮಾರು 30 ಆಂಪ್-ಅವರ್ ಕೊಡುತ್ತದೆ. ಫ್ರಿಜ್‌ಗೆಂದೇ 200 ವಾಟ್ ಬೇಕಾಯಿತು ಅಲ್ವಾ? ಹಾಗಾಗಿ ಇನ್ನೊಂದು ಪ್ಯಾನೆಲ್ ಕೊಳ್ಳುವ ಮೊದಲು ಫ್ರಿಜ್ ಪೆಟ್ಟಿಗೆಯ ಸುತ್ತ ದಪ್ಪ ಫೋಮ್ ಹಾಕಿ, ಬಾಗಿಲಿನ ರಬ್ಬರ್ ಸರಿಪಡಿಸಿ. ಆ ಕೆಲಸಕ್ಕೆ ಸಿಗುವ ಪ್ರತಿಫಲ ಜಾಸ್ತಿ.

ಪ್ಯಾನೆಲ್ ಮೇಲೆ ಮಾಸ್ಟಿನ, ಹಗ್ಗದ ನೆರಳು ಬಿದ್ದರೂ ಕರೆಂಟ್ ಬಹಳ ಇಳಿಯುತ್ತದೆ. ಲಂಗರಿನಲ್ಲಿ ಬೂಮನ್ನು (ಹಾಯಿಯ ಕೆಳಗಿನ ಅಡ್ಡಕಂಬವನ್ನು) ಪಕ್ಕಕ್ಕೆ ಎಳೆದು ಕಟ್ಟಿ.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರಷ್ಟು ಬಳಸಬಹುದು, ತೂಕವೂ ಕಮ್ಮಿ. ಆದರೆ ಅದು ಬಿಡುವಿಲ್ಲದೆ ಕರೆಂಟ್ ಹೀರುವುದರಿಂದ ಎಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಸಾಮಾನ್ಯ ಆಲ್ಟರ್ನೇಟರ್ ಬಿಸಿಯಾಗಿ ಸುಟ್ಟುಹೋಗಬಹುದು. ನಡುವೆ ಕರೆಂಟನ್ನು ಹತೋಟಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೂಬಾರದು. ಯಾವ ಬ್ಯಾಟರಿಯೇ ಇರಲಿ, ದೊಡ್ಡ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ವೈರ್ ತವರ ಲೇಪಿಸಿದ ತಾಮ್ರದ್ದೇ ಆಗಿರಲಿ. ಸಾಮಾನ್ಯ ತಾಮ್ರ ಉಪ್ಪುಗಾಳಿಯಲ್ಲಿ ಕಿಲುಬು ಹಿಡಿದು ಒಳಗೊಳಗೇ ಕಪ್ಪಾಗುತ್ತದೆ.

ಟಾಯ್ಲೆಟ್ ವಾಸನೆ

ಇದರ ಬಗ್ಗೆ ಮಾತಾಡಲು ಜನ ನಾಚುತ್ತಾರೆ. ಆದರೆ ಎಷ್ಟೋ ಕುಟುಂಬಗಳು ದೋಣಿ ಬಿಡಲು ಇದೂ ಒಂದು ಕಾರಣ.

ವಾಸನೆಯೆಲ್ಲ ನಮ್ಮ ಹೊಲಸಿನದಲ್ಲ. ಫ್ಲಶ್ ಮಾಡಲು ಎಳೆದ ಸಮುದ್ರದ ನೀರು ಕೊಳವೆಯಲ್ಲೇ ನಿಂತರೆ ಅದರೊಳಗಿನ ಸಣ್ಣ ಜೀವಿಗಳು ಸತ್ತು ಕೊಳೆಯುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ದೋಣಿ ಬಿಟ್ಟು ಎರಡು ದಿನ ಹೋಗುವುದಾದರೆ ಕೊನೆಯ ಫ್ಲಶ್ ಸಿಹಿನೀರಿನಲ್ಲಿ ಮಾಡಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಇನ್ನರ್ಧ ಹಳೆಯ ಕೊಳವೆಗಳದ್ದು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕೊಳವೆಯನ್ನು ಉಜ್ಜಿ, ಬಟ್ಟೆ ತಣ್ಣಗಾದ ಮೇಲೆ ಮೂಸಿ ನೋಡಿ. ಬಟ್ಟೆ ನಾರಿದರೆ ವಾಸನೆ ಕೊಳವೆಯ ಗೋಡೆ ದಾಟಿ ಬರುತ್ತಿದೆ ಅಂತ ಅರ್ಥ. ಬದಲಾಯಿಸದೆ ಬೇರೆ ದಾರಿ ಇಲ್ಲ.

ಮೂತ್ರವೂ ಉಪ್ಪುನೀರೂ ಸೇರಿ ಕೊಳವೆಯೊಳಗೆ ಸುಣ್ಣದ ಹಾಗೆ ಗಟ್ಟಿ ಪದರ ಕಟ್ಟುತ್ತದೆ. ವಾರಕ್ಕೊಮ್ಮೆ ಒಂದು ಲೋಟ ವಿನೆಗರ್ ಹಾಕಿ ರಾತ್ರಿಯಿಡೀ ಬಿಡಿ. ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಟಾಯ್ಲೆಟ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು, ಅದರ ಎತ್ತರದ ಬಾಗಿನಲ್ಲಿ ಗಾಳಿ ಒಳಬಿಡುವ ವಾಲ್ವ್ ಹಾಕಿ ಇಳಿಸಬೇಕು. ಇಲ್ಲದಿದ್ದರೆ ಸಮುದ್ರವೇ ಒಳಗೆ ಹರಿದು ಬರುತ್ತದೆ. ಹೀಗೆ ಮುಳುಗಿದ ದೋಣಿಗಳಿವೆ.

ಹೊಲಸನ್ನು ಎಲ್ಲಿ ಬಿಡಬಹುದು ಅನ್ನುವುದಕ್ಕೆ ಆಯಾ ದೇಶದ ನಿಯಮ ನೋಡಿ, ಟ್ಯಾಂಕ್ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ವಿಷಯದಲ್ಲಿ ನೋಡುವುದೇ ಬೇಡ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಸಮುದ್ರದ ಯಾವ ಮೂಲೆಯಲ್ಲೂ ಪ್ಲಾಸ್ಟಿಕ್ ಎಸೆಯುವಂತಿಲ್ಲ. ಪೊಟ್ಟಣಗಳನ್ನು ಹೊರಡುವ ಮೊದಲೇ ಬಿಚ್ಚಿ ದಡದಲ್ಲಿ ಬಿಟ್ಟು ಬನ್ನಿ.

ಲೋಹಗಳು: ಹೊಳೆಯುವುದನ್ನು ನಂಬಬೇಡಿ

ದೋಣಿಯಲ್ಲಿ ಬದುಕುವವರು ಲೋಹಗಳ ಗುಣ ತಿಳಿದುಕೊಳ್ಳಲೇಬೇಕು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಅನ್ನೋದು ಪೂರ್ತಿ ನಿಜವಲ್ಲ. ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ ಅದನ್ನು ಕಾಯುತ್ತದೆ. ಆ ಪೊರೆಗೆ ಆಮ್ಲಜನಕ ಬೇಕು. ಡೆಕ್ಕಿನೊಳಗೆ ಹೂತಿರುವ ಚೈನ್‌ಪ್ಲೇಟ್ ಸುತ್ತ ಒದ್ದೆ ಇರುತ್ತದೆ, ಗಾಳಿ ಇರುವುದಿಲ್ಲ. ಅಲ್ಲಿ ಪೊರೆ ಒಡೆದು ಲೋಹ ಸಂದಿನಲ್ಲಿ ಕೊರೆದುಹೋಗುತ್ತದೆ. ಹೊರಗೆ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ, ಒಳಗೆ ಅರ್ಧ ಉಳಿದಿರುತ್ತದೆ. ಸೋರಿಕೆಯನ್ನು ಮೊದಲ ಕೆಲಸ ಅಂದದ್ದಕ್ಕೆ ಇದೂ ಒಂದು ಕಾರಣ.

ಡೆಕ್ ಮೇಲಿನ ಸಾಮಾನು 304ಕ್ಕಿಂತ 316 ದರ್ಜೆಯದಾಗಿದ್ದರೆ ಒಳ್ಳೆಯದು. ಅದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇದೆ, ಉಪ್ಪಿನ ಹೊಡೆತ ತಡೆಯುವುದು ಅದೇ. ಅಯಸ್ಕಾಂತದಿಂದ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ನೀರಿನ ಮಟ್ಟದ ಕೆಳಗೆ ಹಿತ್ತಾಳೆ ಬೇಡ, ಕಂಚು ಇರಲಿ. ಉಪ್ಪುನೀರಲ್ಲಿ ಹಿತ್ತಾಳೆಯ ಸತು ಕರಗಿ ಹೋಗಿ ಗುಲಾಬಿ ಬಣ್ಣದ ಪುಡಿ ಲೋಹ ಉಳಿಯುತ್ತದೆ. ಅಲ್ಯೂಮಿನಿಯಂ ಮಾಸ್ಟಿಗೆ ಸ್ಟೀಲ್ ಸ್ಕ್ರೂ ಹಾಕುವಾಗ ನಡುವೆ ತಡೆಪೇಸ್ಟ್ ಹಚ್ಚಿ. ಎರಡು ಬೇರೆ ಲೋಹ ಉಪ್ಪುನೀರಲ್ಲಿ ಸೇರಿದರೆ ಬ್ಯಾಟರಿಯ ಹಾಗಾಗುತ್ತದೆ, ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಇದನ್ನೇ ನಮ್ಮ ಒಳಿತಿಗೆ ಬಳಸುವುದು ಆನೋಡ್, ಅಂದರೆ ಬೇರೆ ಲೋಹಗಳ ಬದಲು ತಾನು ಸವೆಯಲೆಂದು ಹಾಕುವ ಲೋಹದ ತುಂಡು. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅರ್ಧ ಸವೆದಾಗ ಬದಲಾಯಿಸಿ. ಅದರ ಮೇಲೆ ಬಣ್ಣ ಮಾತ್ರ ಬಳಿಯಬೇಡಿ, ಬಳಿದರೆ ಅದು ಕೆಲಸವನ್ನೇ ಮಾಡುವುದಿಲ್ಲ.

ದೂರ ಹೋಗುವವರಲ್ಲಿ ಕೆಲವರು ಪಿಸ್ತೂಲಿನ ಬಗ್ಗೆಯೂ ಕೇಳುತ್ತಾರೆ. ಉಪ್ಪುಗಾಳಿಗೆ ಯಾವ ಫ್ರೇಮ್ (ಪಿಸ್ತೂಲಿನ ಮೈ) ತಡೆಯುತ್ತದೆ ಅಂತ. ಅಲ್ಲೂ ಇದೇ ಲೋಹಶಾಸ್ತ್ರ. ಸಾದಾ ಉಕ್ಕಿನ ಫ್ರೇಮ್ ಎಣ್ಣೆ ಆರಿದ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಸ್ಮಿತ್ ಆ್ಯಂಡ್ ವೆಸನ್ 1965ರಲ್ಲಿ ಮಾಡೆಲ್ 60 ಎಂಬ ಸ್ಟೇನ್‌ಲೆಸ್ ರಿವಾಲ್ವರ್ ತಂದಿತು. ಅದು ಹೆಚ್ಚು ತಡೆಯುತ್ತದೆ, ಆದರೆ ಸಂದುಗಳನ್ನು ತೊಳೆದು ಒರೆಸಲೇಬೇಕು. ಅಲ್ಯೂಮಿನಿಯಂ ಫ್ರೇಮ್ ಹಗುರ. ಲೇಪನ ಗೀಚಿಹೋದ ಕಡೆ, ಉಕ್ಕಿನ ಪಿನ್ ತಾಗುವ ಕಡೆ ಸವೆಯುತ್ತದೆ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್ 17ರಂಥ ಪಾಲಿಮರ್ ಫ್ರೇಮ್‌ಗೆ ತುಕ್ಕಿನ ಭಯವೇ ಇಲ್ಲ. ಆದರೆ ಸ್ಲೈಡ್, ಸ್ಪ್ರಿಂಗ್, ಪಿನ್‌ಗಳು ಉಕ್ಕಿನವೇ ಅಲ್ವಾ? ಎಣ್ಣೆಯ ಕೆಲಸ ತಪ್ಪುವುದಿಲ್ಲ. ಫ್ರೇಮ್‌ಗಿಂತ ದೊಡ್ಡ ಪ್ರಶ್ನೆ ಕಾನೂನಿನದು. ಎಷ್ಟೋ ದೇಶಗಳಲ್ಲಿ ಬಂದಿಳಿದ ಕೂಡಲೇ ಆಯುಧವನ್ನು ಘೋಷಿಸಬೇಕು. ಬಹಳ ಕಡೆ ಅಧಿಕಾರಿಗಳು ತೆಗೆದಿಟ್ಟುಕೊಂಡು ಹೊರಡುವಾಗ ಕೊಡುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ಜೈಲು, ದೋಣಿಯೂ ಹೋಗಬಹುದು. ನಾನು ಇಟ್ಟುಕೊಂಡಿಲ್ಲ. ನಿಮಗೂ ಬೇಡ ಅಂತಲೇ ಹೇಳುತ್ತೇನೆ.

ಲಂಗರಿನಲ್ಲಿ ನಿದ್ದೆ

ಲಂಗರಿನ ಮೇಲೆ ನಂಬಿಕೆ ಇಲ್ಲದವರಿಗೆ ಎಷ್ಟು ಒಳ್ಳೆಯ ಹಾಸಿಗೆಯಿದ್ದರೂ ನಿದ್ದೆ ಬರುವುದಿಲ್ಲ. ಲೆಕ್ಕ ಹೀಗಿದೆ. ನೀರಿನ ಆಳ 5 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಎತ್ತರ, ಉಬ್ಬರದಲ್ಲಿ ಏರುವ ನೀರು 2 ಮೀಟರ್. ಒಟ್ಟು 8. ಪೂರ್ತಿ ಸರಪಳಿ ಇದ್ದರೆ ಅದರ ಐದು ಪಟ್ಟು, ಅಂದರೆ 40 ಮೀಟರ್ ಬಿಡಿ. ಹಗ್ಗ ಜಾಸ್ತಿ ಇದ್ದರೆ ಏಳು ಪಟ್ಟು. ಬಹಳ ಜನ ಮೂತಿಯ ಎತ್ತರವನ್ನೂ ಉಬ್ಬರವನ್ನೂ ಮರೆತು ಬರೀ ಆಳದ ಲೆಕ್ಕ ಹಾಕುತ್ತಾರೆ. ನಡುರಾತ್ರಿ ಲಂಗರು ಜಾರುವುದು ಅವರದ್ದೇ. ಬಿಟ್ಟ ಮೇಲೆ ಎಂಜಿನ್ನನ್ನು ಹಿಂದಕ್ಕೆ ನಿಧಾನವಾಗಿ ಓಡಿಸಿ, ದಡದ ಎರಡು ಗುರುತುಗಳು ಒಂದೇ ನೇರದಲ್ಲಿ ನಿಂತಿವೆಯಾ ನೋಡಿ. ಕೊನೆಗೆ ಜಿಪಿಎಸ್ ಅಲಾರಂ ಇಟ್ಟು ಮಲಗಿ.

ಸರಪಳಿ ಕಲ್ಲಿನ ಮೇಲೆ ಉಜ್ಜುವ ಸದ್ದು ಮುಂದಿನ ಮಂಚದಲ್ಲಿ ಗುಡುಗಿನ ಹಾಗೆ ಕೇಳುತ್ತದೆ. ಎಂಟು ಹತ್ತು ಮೀಟರ್ ನೈಲಾನ್ ಹಗ್ಗವನ್ನು ಸರಪಳಿಗೆ ಕೊಕ್ಕೆ ಹಾಕಿ, ಎಳೆತವನ್ನೆಲ್ಲ ಅದರ ಮೇಲೆ ಬಿಡಿ. ನೈಲಾನ್ ಹಿಗ್ಗುತ್ತದೆ, ಜಗ್ಗುವುದು ನಿಲ್ಲುತ್ತದೆ, ಸದ್ದೂ ಅಡಗುತ್ತದೆ. ಹಗ್ಗ ಅಂಚಿಗೆ ತಾಗುವ ಕಡೆ ಹಳೆಯ ನೀರಿನ ಪೈಪಿನ ತುಂಡು ಹಾಕಿ. ಮಾಸ್ಟಿಗೆ ಟಕ್ ಟಕ್ ಅಂತ ಬಡಿಯುವ ಹಗ್ಗಗಳನ್ನು ಪಕ್ಕಕ್ಕೆ ಎಳೆದು ಕಟ್ಟಿ. ಇದು ಅಕ್ಕಪಕ್ಕದ ದೋಣಿಯವರಿಗೂ ಮಾಡುವ ಉಪಕಾರ.

ಗಾಳಿ ಒಂದು ಕಡೆಯಿಂದ, ಅಲೆ ಇನ್ನೊಂದು ಕಡೆಯಿಂದ ಬಂದರೆ ದೋಣಿ ರಾತ್ರಿಯಿಡೀ ಹೊರಳುತ್ತದೆ. ಆಗ ಹಿಂಭಾಗದಿಂದ ಒಂದು ಹಗ್ಗ ತಂದು ಸರಪಳಿಗೆ ಕಟ್ಟಿ, ಮೂತಿ ಅಲೆಯ ಕಡೆ ತಿರುಗುವ ತನಕ ಎಳೆಯಿರಿ. ಅಕ್ಕಪಕ್ಕ ಜಾಗ ಇದ್ದರೆ ಮಾತ್ರ ಹೀಗೆ ಮಾಡಿ.

ದೋಣಿ ಹೊರಟಾಗ

ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುವುದು ಸಹಜ. ಹೆಚ್ಚಿನವರಿಗೆ ಆಮೇಲೆ ಒಗ್ಗುತ್ತದೆ. ಹೊರಡುವ ಮೊದಲೇ ಎರಡು ದಿನದ ಅಡುಗೆ ಮಾಡಿಟ್ಟುಕೊಳ್ಳಿ, ಕೆಳಗೆ ಬಗ್ಗಿ ಹುಡುಕುವ ಕೆಲಸ ಇರಬಾರದು. ಎದ್ದಿರುವಾಗ ಕಣ್ಣು ದಿಗಂತದ ಮೇಲಿರಲಿ. ಒಳಗೆ ಹೋದರೆ ನಡುಭಾಗದಲ್ಲಿ ಕಣ್ಣು ಮುಚ್ಚಿ ಮಲಗಿಬಿಡಿ, ನಡುವಿನ ಸ್ಥಿತಿ ಬೇಡ. ಶುಂಠಿ ಕೆಲವರಿಗೆ ಹಿಡಿಸುತ್ತದೆ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೈನ್ ಪಟ್ಟಿ ಮೂರು ದಿನದ ತನಕ ಕೆಲಸ ಮಾಡುತ್ತದೆ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು ಇದ್ದೇ ಇದೆ. ಗ್ಲಾಕೋಮಾ ಇರುವವರಿಗೆ ಅದು ಆಗದು. ವೈದ್ಯರನ್ನು ಕೇಳಿ, ದಡದಲ್ಲಿದ್ದಾಗಲೇ ಒಮ್ಮೆ ಹಾಕಿ ನೋಡಿ.

ಇಬ್ಬರೇ ಇದ್ದರೆ ಕಾವಲಿನ ಪಾಳಿ ಮೂರು ಅಥವಾ ನಾಲ್ಕು ಗಂಟೆಯದಿರಲಿ. ಯಾರಿಗೆ ಯಾವ ಹೊತ್ತು ಒಗ್ಗುತ್ತದೆ ಅಂತ ಮೊದಲೇ ಮಾತಾಡಿಕೊಳ್ಳಿ. ಪಾಳಿ ಮುಗಿಸಿ ಕೆಳಗೆ ಬಂದವರನ್ನು ಚಿಕ್ಕ ಪುಟ್ಟದಕ್ಕೆ ಎಬ್ಬಿಸಬೇಡಿ. ಆದರೆ ಒಬ್ಬರೇ ಡೆಕ್ ಮುಂಭಾಗಕ್ಕೆ ಹೋಗಬೇಕಾಗಿ ಬಂದರೆ ಎಷ್ಟೇ ಹೊತ್ತಾಗಿರಲಿ, ಮಲಗಿದವರನ್ನು ಎಬ್ಬಿಸಿ, ಹಾರ್ನೆಸ್ (ಮೈಗೆ ಕಟ್ಟುವ ರಕ್ಷಾಪಟ್ಟಿ) ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಕೊಂಡೇ ಹೋಗಿ.